ಎಲೆಕ್ಟ್ರಿಕ್ ಬೈಕಿಗೆ ಚೈನ್, ಸ್ಪ್ರಾಕೆಟ್, ಗೇರ್ ಅನುಪಾತ: ಕಲಬುರಗಿ ಬಿಸಿಲಿಗೆ ಹೊಂದುವ ಲೆಕ್ಕ

ಎಲೆಕ್ಟ್ರಿಕ್ ಬೈಕ್ ಕಂಡರೆ ಕಲಬುರಗಿಯಲ್ಲಿ ಮೊದಲು ಬೀಳುವ ಪ್ರಶ್ನೆ, "ಟಾಪ್ ಸ್ಪೀಡ್ ಎಷ್ಟದರೀ?" ಎರಡನೆಯದು, "ಒಂದ್ ಚಾರ್ಜಿಗೆ ಎಷ್ಟ್ ಓಡ್ತದ?" ಮೋಟಾರ್ ಎಷ್ಟು ಬಿಸಿಯಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಕಡೆ ಮೊದಲು ಕೇಳಬೇಕಾದದ್ದೇ ಅದು. ಅದರ ಉತ್ತರ ಬಹುಪಾಲು ಹಿಂದಿನ ಸ್ಪ್ರಾಕೆಟ್ಟಿನ, ಅಂದರೆ ಚೈನ್ ಓಡುವ ಹಲ್ಲುಚಕ್ರದ, ಹಲ್ಲುಗಳಲ್ಲಿದೆ.

ಪೆಟ್ರೋಲ್ ಗಾಡಿಗೆ ನಾಲ್ಕೈದು ಗೇರ್ ಇರುತ್ತವೆ. ಸ್ಪ್ರಾಕೆಟ್ ಆಯ್ಕೆ ತುಸು ಹೆಚ್ಚುಕಮ್ಮಿಯಾದರೂ ಗೇರ್ ಇಳಿಸಿ ಏರು ಹತ್ತಬಹುದು. ಎಲೆಕ್ಟ್ರಿಕ್ ಬೈಕಿಗೆ ಸಾಮಾನ್ಯವಾಗಿ ಇರುವುದು ಒಂದೇ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಮೋಟಾರ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಸಿಗ್ನಲ್ಲಿನಿಂದ ಎತ್ತುವುದು, ಇಬ್ಬರು ಕೂತು ಏರು ಹತ್ತುವುದು, ಹೈವೇಯಲ್ಲಿ ಓಡುವುದು ಎಲ್ಲವೂ ಅದರಿಂದಲೇ ಆಗಬೇಕು. ಹಾಗಾಗಿ ಹಲ್ಲಿನ ಲೆಕ್ಕವನ್ನು ಅಂದಾಜಿಗೆ ಬಿಡುವಂತಿಲ್ಲ.

ಈ ಲೆಕ್ಕ ಯಾರಿಗೆ ಬೇಕು

ಎಲ್ಲ ಎಲೆಕ್ಟ್ರಿಕ್ ಗಾಡಿಗೂ ಚೈನ್ ಇರುವುದಿಲ್ಲ. ಏಥರ್ 450, ರಿವೋಲ್ಟ್ ಆರ್‌ವಿ400 ಬೆಲ್ಟಿನ ಮೇಲೆ ಓಡುತ್ತವೆ. ಟಿವಿಎಸ್ ಐಕ್ಯೂಬಿನ ಮೋಟಾರ್ ಹಿಂದಿನ ಚಕ್ರದ ಹಬ್ಬಿನಲ್ಲೇ ಕೂತಿದೆ. ಅಲ್ಟ್ರಾವಯಲೆಟ್ ಎಫ್77, ಓಲಾ ರೋಡ್‌ಸ್ಟರ್ ಎಕ್ಸ್ ತರಹದವುಗಳಿಗೆ ಚೈನ್ ಇದೆ. ಕಂಪನಿ ಗಾಡಿ ಇಟ್ಟುಕೊಂಡವರು ಚೈನ್ ಸವೆದಾಗ ಅದೇ ಅಳತೆಯ, ಅಷ್ಟೇ ಹಲ್ಲಿನ ಸೆಟ್ ಹಾಕಿಸಿದರೆ ಸಾಕು. ಹಲ್ಲು ಬದಲಿಸಿದರೆ ವಾರಂಟಿ ಹೋಗಬಹುದು. ಮೋಟಾರ್ ಸುತ್ತಿನಿಂದ ವೇಗ ಎಣಿಸುವ ಗಾಡಿಯಾದರೆ ಸ್ಪೀಡೋಮೀಟರ್ ಕೂಡ ಸುಳ್ಳು ತೋರಿಸುತ್ತದೆ. ಅವರು ನೇರವಾಗಿ ಕೆಳಗಿನ ಜೋಡಣೆ, ನಿಗಾ ಭಾಗಗಳಿಗೆ (ಹಂತ 7, 8) ಹೋಗಬಹುದು.

ಪೂರ್ತಿ ಲೆಕ್ಕ ಬೇಕಾಗುವುದು ಹಳೆಯ 100–150 ಸಿಸಿ ಗಾಡಿಗೆ ಮೋಟಾರ್ ಕೂರಿಸುವವರಿಗೆ. ಅವರಿಗೆ ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿಯಾದ ಗಾಡಿಯ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಎಲೆಕ್ಟ್ರಿಕ್ ಕಿಟ್ ಹಾಕಬೇಕೆಂದರೆ ಅದು ಪರೀಕ್ಷೆಯಾಗಿ ಮಂಜೂರಾದ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಕಲಬುರಗಿ ಕೆಎ-32, ಯಾದಗಿರಿ ಕೆಎ-33, ಬೀದರ್ ಕೆಎ-38, ಯಾವ ಆರ್‌ಟಿಒ ಆದರೂ ಸರಿ, ಬಿಡಿಭಾಗಕ್ಕೆ ದುಡ್ಡು ಸುರಿಯುವ ಮೊದಲೇ ಹೋಗಿ ವಿಚಾರಿಸಿ. 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಗಾಡಿಗೆ ನೋಂದಣಿ ಬೇಡ ಎಂಬ ವಿನಾಯಿತಿ ಉಂಟು. ಇಲ್ಲಿ ಮಾತಾಡುತ್ತಿರುವ ಗಾಡಿಗಳು ಅದರೊಳಗೆ ಬರುವುದಿಲ್ಲ.

ಹಂತ 1: ಮೂರು ಅಂಕಿ ಹಿಡಿಯಿರಿ

ಮೊದಲನೆಯದು ಚಕ್ರದ ಸುತ್ತಳತೆ. ಟೈರಿನ ಮೇಲೆ ಬರೆದ 3.00-18 ಅಥವಾ 100/90-17 ನೋಡಿ ಲೆಕ್ಕ ಹಾಕಿದರೆ 1.91, 1.92 ಮೀಟರ್ ಬರುತ್ತದೆ. ಆದರೆ ಭಾರ ಬಿದ್ದಾಗ ಟೈರ್ ತುಸು ಕುಸಿಯುತ್ತದೆ. ಸರಿಯಾಗಿ ಗಾಳಿ ಹಾಕಿಸಿ, ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಗಾಡಿ ನಿಲ್ಲಿಸಿ. ಟೈರಿಗೂ ನೆಲಕ್ಕೂ ಒಂದೇ ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮೇಲೆ ಕೂತು, ಇನ್ನೊಬ್ಬರ ಕೈಯಲ್ಲಿ ತಳ್ಳಿಸಿ, ಗೆರೆ ಮತ್ತೆ ನೆಲ ಮುಟ್ಟಿದಲ್ಲಿಗೆ ಟೇಪ್ ಹಿಡಿಯಿರಿ. ಇಲ್ಲಿನ ಉದಾಹರಣೆಗೆ 1.90 ಮೀಟರ್ ಇಟ್ಟುಕೊಳ್ಳೋಣ.

ಎರಡನೆಯದು ಭಾರ ಬಿದ್ದಾಗ ಮೋಟಾರ್ ತಿರುಗುವ ವೇಗ. ಮಾರುವವರು ಹೇಳುವುದು ಖಾಲಿ ತಿರುಗುವಾಗಿನ ಅಂಕಿ. ರಸ್ತೆಯಲ್ಲಿ ಅದರ ಶೇ. 80ರ ಆಸುಪಾಸು ಹಿಡಿಯುವುದು ಕ್ಷೇಮ. ವೋಲ್ಟೇಜನ್ನೂ ನೋಡಬೇಕು: 20 ಸೆಲ್ ಸಾಲಾಗಿರುವ 72 ವೋಲ್ಟ್ ಲಿಥಿಯಂ ಅಯಾನ್ ಬ್ಯಾಟರಿ ತುಂಬಿದಾಗ 84 ವೋಲ್ಟ್ ಇರುತ್ತದೆ, ಇಳಿಯುತ್ತಾ 60ರವರೆಗೂ ಬರಬಹುದು. ಬೆಳಿಗ್ಗೆ ಹಾರುವ ಗಾಡಿ ಸಂಜೆ ಮಂದವಾಗುವುದು ಇದರಿಂದಲೇ. ಲೆಕ್ಕವನ್ನು 72ಕ್ಕೇ ಮಾಡಿ. ನಮ್ಮ ಉದಾಹರಣೆಯ ಮೋಟಾರ್ 3 ಕಿಲೋವ್ಯಾಟಿನದು, 72 ವೋಲ್ಟಿನಲ್ಲಿ ನಿಮಿಷಕ್ಕೆ ಖಾಲಿ 4,200 ಸುತ್ತು, ಭಾರದಲ್ಲಿ 3,400.

ಮೂರನೆಯದು ಒಟ್ಟು ತೂಕ. ಗಾಡಿ 120 ಕೆಜಿ, ಇಬ್ಬರು ಸೇರಿ 130, ಒಟ್ಟು 250. ತೊಗರಿ ಚೀಲ ಹೇರುವವರು ಅದನ್ನೂ ಸೇರಿಸಿಕೊಳ್ಳಿ.

ಹಂತ 2: ಎಷ್ಟು ವೇಗ ಸಾಧ್ಯ?

ಅನುಪಾತ ಬದಲಿಸಿದ ಮಾತ್ರಕ್ಕೆ ಮೋಟಾರಿನ ಶಕ್ತಿ ಹೆಚ್ಚುವುದಿಲ್ಲ. ಗಾಳಿ ಎದುರಿಸಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಮೇಲಿನ ತೂಕದ ಗಾಡಿ, ನೆಟ್ಟಗೆ ಕೂತ ಸವಾರ, ಸಮತಟ್ಟು ರಸ್ತೆ ಎಂದು ಹಿಡಿದರೆ ಗಂಟೆಗೆ 60 ಕಿ.ಮೀ. ಓಡಲು ಸುಮಾರು 2.2 ಕಿಲೋವ್ಯಾಟ್ ಸಾಕು. 70ಕ್ಕೆ 3.2 ಬೇಕು, 80ಕ್ಕೆ 4.6, 90ಕ್ಕೆ ಆರು ದಾಟುತ್ತದೆ. 3 ಕಿಲೋವ್ಯಾಟ್ ಮೋಟಾರ್ ಸತತವಾಗಿ 70ರ ಹತ್ತಿರ ಓಡಬಲ್ಲದು, ಅದಕ್ಕಿಂತ ಮೇಲೆ ಓಡಿಸಿದಷ್ಟೂ ಬಿಸಿ. ಹಾಗಾಗಿ ಗುರಿ 70 ಎಂದು ಇಟ್ಟುಕೊಳ್ಳೋಣ. 100 ಬೇಕೆನ್ನುವವರು ಬೇರೆ ಮೋಟಾರ್ ಕೊಳ್ಳಬೇಕು. ಸ್ಪ್ರಾಕೆಟ್ ಬದಲಿಸಿ ಅದನ್ನು ಪಡೆಯಲಾಗದು.

ಹಂತ 3: ಅನುಪಾತ

ವೇಗವನ್ನು ಮೀಟರಿಗೆ ತಿರುಗಿಸಿ 60ರಿಂದ ಭಾಗಿಸಿ, ಬಂದದ್ದನ್ನು ಚಕ್ರದ ಸುತ್ತಳತೆಯಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ ಎಷ್ಟು ಸುತ್ತಬೇಕು ಎಂಬುದು ಸಿಗುತ್ತದೆ. 70,000 ಭಾಗಿಸು 60 ಭಾಗಿಸು 1.90 ಎಂದರೆ 614. ಮೋಟಾರಿನ 3,400ನ್ನು 614ರಿಂದ ಭಾಗಿಸಿದರೆ 5.54. ಮೋಟಾರ್ ಐದೂವರೆ ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗಬೇಕು.

ಇನ್ನು ಹಳೆಯ ಗಾಡಿಯ ಸ್ಪ್ರಾಕೆಟ್ ನೋಡಿ. ಮುಂದೆ 14, ಹಿಂದೆ 42 ಇದ್ದರೆ ಅನುಪಾತ ಬರೀ 3. ಇದೇ ಮೋಟಾರನ್ನು ಅದಕ್ಕೆ ನೇರ ಜೋಡಿಸಿದರೆ ಕಾಗದದ ಮೇಲೆ 129 ಕಿ.ಮೀ. ವೇಗ ಬರುತ್ತದೆ, ರಸ್ತೆಯ ಮೇಲೆ ಹೊಗೆ ಬರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಒಳಗೇ ಸುತ್ತು ಇಳಿಸುವ ಇನ್ನೆರಡು ಹಂತದ ಕಡಿತ ಇರುತ್ತಿತ್ತು, ಅದನ್ನು ಎಂಜಿನ್ ಜೊತೆಗೆ ಬಿಚ್ಚಿಟ್ಟಿದ್ದೇವೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಹಂತ 4: ಬಿಸಿಯ ಪರೀಕ್ಷೆ

ಈ ಹಂತವನ್ನು ಬಿಡಬೇಡಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ ಇನ್ನೂ ಸುಮಾರು 200 ಮೀಟರ್ ಮೇಲಿದೆ. ನೂರು ಕಿ.ಮೀ. ಮೀರಿದ ದಾರಿಯಲ್ಲಿ ಇದೇನೂ ಘಾಟಿಯಲ್ಲ. ಆದರೆ ಮೋಟಾರ್ ಸರಾಸರಿ ಏರಿಗೆ ಸುಡುವುದಿಲ್ಲ, ಮಧ್ಯೆ ಸಿಗುವ ಗಿಡ್ಡ ಕಡಿದಾದ ಏರು, ಫ್ಲೈಓವರ್, ಹೊಲದಿಂದ ರಸ್ತೆಗೆ ಹತ್ತುವ ದಿಬ್ಬಗಳಿಗೆ ಸುಡುತ್ತದೆ.

ಶೇ. 8ರ ಏರು ಹಿಡಿಯೋಣ. 250 ಕೆಜಿಯನ್ನು ಅದರ ಮೇಲೆ ನಿಧಾನಕ್ಕೆ ಹತ್ತಿಸಲು ಏರಿಗೆ 196 ನ್ಯೂಟನ್, ಟೈರಿನ ತಡೆಗೆ 37, ಒಟ್ಟು 233 ನ್ಯೂಟನ್ ಬಲ ಬೇಕು. ಚಕ್ರದ ತ್ರಿಜ್ಯ 0.302 ಮೀಟರ್, ಹಾಗಾಗಿ ಚಕ್ರಕ್ಕೆ 70 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಅನುಪಾತ 5.54 ಇದ್ದು, ಚೈನಿನಲ್ಲಿ ಶೇ. 5 ನಷ್ಟ ಹಿಡಿದರೆ ಮೋಟಾರ್ 13.4 ನ್ಯೂಟನ್ ಮೀಟರ್ ಕೊಡಬೇಕು. ಅನುಪಾತವನ್ನು 4ಕ್ಕೆ ಇಳಿಸಿದರೆ 18.5 ಕೊಡಬೇಕು.

ಟಾರ್ಕ್ ಹೆಚ್ಚಬೇಕೆಂದರೆ ಕರೆಂಟ್ ಅಷ್ಟೇ ಪಟ್ಟು ಹೆಚ್ಚುತ್ತದೆ. ತಾಮ್ರದ ಸುರುಳಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. ಅಂದರೆ ಅದೇ ಏರು, ಅದೇ ಇಬ್ಬರು, ಆದರೆ ಬಿಸಿ 1.9 ಪಟ್ಟು. ಬದಲಿಗೆ ಸಿಕ್ಕಿದ್ದು ಕಾಗದದ ಮೇಲಿನ 97 ಕಿ.ಮೀ. ವೇಗ, ಅದನ್ನು ಮುಟ್ಟುವ ಶಕ್ತಿ ಮೋಟಾರಿಗೆ ಇಲ್ಲ ಎಂದು ಆಗಲೇ ನೋಡಿದೆವು. ಇನ್ನೊಂದು ಸಂಗತಿ: ತಾಮ್ರದ ತಡೆ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಸುರುಳಿಯ ಬಿಸಿ ಇದ್ದದ್ದಕ್ಕಿಂತ 60 ಡಿಗ್ರಿ ಏರಿದರೆ ಅದೇ ಕರೆಂಟಿಗೆ ಶೇ. 23ರಷ್ಟು ಹೆಚ್ಚು ಬಿಸಿ. ತಂಪು ಊರಿನಲ್ಲಿ 25 ಡಿಗ್ರಿಯಿಂದ ಶುರುವಾಗುವ ಈ ಓಟ ನಮ್ಮಲ್ಲಿ 42ರಿಂದ ಶುರುವಾಗುತ್ತದೆ.

ನಮ್ಮ ಮೋಟಾರಿನ ಸತತ ಟಾರ್ಕ್ 8.4 ನ್ಯೂಟನ್ ಮೀಟರ್ ಮಾತ್ರ (3,000 ವ್ಯಾಟನ್ನು ಸುತ್ತಿನ ಕೋನವೇಗ 356ರಿಂದ ಭಾಗಿಸಿ). 13.4 ಎಂದರೆ ಒಂದೆರಡು ನಿಮಿಷದ ಏರಿಗೆ ಸರಿ, ಉದ್ದನೆಯ ಏರಿಗೆ ಅದೂ ಭಾರವೇ. ನಿತ್ಯ ಲೋಡ್ ಹಾಕಿಕೊಂಡು ಓಡಾಡುವವರು ಗುರಿಯ ವೇಗವನ್ನು 60ಕ್ಕೆ ಇಳಿಸಿ ಅನುಪಾತವನ್ನು 6.4ರ ಸುತ್ತ ಇಡುವುದು ಜಾಣತನ. ಕೆಲವರು ದೊಡ್ಡ ಅನುಪಾತ ಇಟ್ಟು, ವೇಗ ಕಡಿಮೆಯಾಯಿತೆಂದು ಕಂಟ್ರೋಲರಿನಲ್ಲಿ (ಮೋಟಾರಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಫ್ಲಕ್ಸ್ ವೀಕನಿಂಗ್, ಅಂದರೆ ಹೆಚ್ಚುವರಿ ಕರೆಂಟ್ ಕೊಟ್ಟು ಸುತ್ತು ಹೆಚ್ಚಿಸುವ ಸೆಟ್ಟಿಂಗ್, ಏರಿಸುತ್ತಾರೆ. ಉಳಿಸಿದ ಬಿಸಿಯನ್ನು ಮತ್ತೆ ಒಳಗೆ ತುಂಬುವ ಕೆಲಸ ಅದು.

ಹಂತ 5: ಹಲ್ಲುಗಳನ್ನು ಎಲ್ಲಿ ಇಡುವುದು

5.54 ಪಡೆಯಲು ಎರಡು ದಾರಿ. ಒಂದೇ ಹಂತದಲ್ಲಾದರೆ ಮುಂದೆ 11, ಹಿಂದೆ 61. 428 ನಂಬರಿನ ಚೈನಿಗೆ (ನಂಬರಿನ ಅರ್ಥ ಹಂತ 6ರಲ್ಲಿ) 61 ಹಲ್ಲಿನ ಸ್ಪ್ರಾಕೆಟ್ ಅಂಗಡಿಯಲ್ಲಿ ಸಿಗದು, ಹೈದರಾಬಾದಿನಂಥ ಕಡೆ ಲೇಸರಿನಲ್ಲಿ ಕತ್ತರಿಸಿ ತರಿಸಬೇಕು. ಅದರ ವ್ಯಾಸ ಸುಮಾರು 25 ಸೆಂ.ಮೀ., ಗಾಡಿಯ ಮೂಲ ಚೈನ್ ಕವರಿನೊಳಗೆ ಕೂರುವುದಿಲ್ಲ. ಕವರ್ ಹೋದರೆ ನಮ್ಮ ಧೂಳಿನಲ್ಲಿ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

11 ಹಲ್ಲಿನ ಮುಂದಿನ ಸ್ಪ್ರಾಕೆಟ್ಟಿಗೆ ಇನ್ನೊಂದು ತೊಂದರೆ. ಚೈನ್ ಅದರ ಮೇಲೆ ವೃತ್ತವಾಗಿ ಸುತ್ತುವುದಿಲ್ಲ, ಬಹುಭುಜವಾಗಿ ಸುತ್ತುತ್ತದೆ. ಹಲ್ಲು ಕಡಿಮೆಯಾದಷ್ಟೂ ಪ್ರತಿ ಕೊಂಡಿಗೂ ವೇಗ ಏರಿಳಿಯುತ್ತದೆ: 9 ಹಲ್ಲಿಗೆ ಶೇ. 6, 11ಕ್ಕೆ ಶೇ. 4, 13ಕ್ಕೆ ಶೇ. 2.9, 15ಕ್ಕೆ 2.2, 17ಕ್ಕೆ 1.7. ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಇದು ಕಿವಿಗೂ ಕೇಳುತ್ತದೆ, ಪಾದಕ್ಕೂ ಗೊತ್ತಾಗುತ್ತದೆ. ಜೊತೆಗೆ ಪ್ರತಿ ಕೊಂಡಿ ಹೆಚ್ಚು ಕೋನಕ್ಕೆ ಬಾಗುವುದರಿಂದ ಸವೆತವೂ ಜಾಸ್ತಿ. 13ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು.

ನಾನು ಹೇಳುವುದು ಎರಡನೇ ದಾರಿ: ಒಳಗೇ ಕಡಿತದ ಗೇರ್ ಇರುವ ಮೋಟಾರ್. 2.35 ಕಡಿತ ಇದ್ದರೆ ಚೈನಿಗೆ ಉಳಿಯುವುದು 5.54 ಭಾಗಿಸು 2.35, ಅಂದರೆ 2.36. 15/36, 16/38, 17/40 ಮೂರೂ ಹತ್ತಿರ. ಇವುಗಳಲ್ಲಿ 17/40 ಲೇಸು. ಮುಂದೆ ಹಲ್ಲು ಹೆಚ್ಚು, ಮೇಲಾಗಿ 17ಕ್ಕೂ ಹಂತ 7ರಲ್ಲಿ ಬರುವ ಚೈನಿನ 118 ಕೊಂಡಿಗೂ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಅವೇ ಹಲ್ಲು ಅವೇ ಕೊಂಡಿಗೆ ಮತ್ತೆ ಮತ್ತೆ ತಾಗದೆ ಸವೆತ ಎಲ್ಲಕ್ಕೂ ಹಂಚಿಹೋಗುತ್ತದೆ. ಒಟ್ಟು ಅನುಪಾತ 5.53, ವೇಗ 70.

ನಡುವೆ ಇನ್ನೊಂದು ಶಾಫ್ಟ್ ಹಾಕಿ ಎರಡು ಚೈನ್ ಓಡಿಸುವ ಮೂರನೇ ಉಪಾಯವೂ ಇದೆ. ಅಲ್ಲಿ ಶಾಫ್ಟುಗಳ ಅಂತರ 20 ಸೆಂ.ಮೀ.ಗೆ ಇಳಿದರೆ, 11/61ರಂಥ ಜೋಡಿಯಲ್ಲಿ ಚಿಕ್ಕ ಸ್ಪ್ರಾಕೆಟ್ಟಿನ ಮೇಲೆ ಚೈನ್ ಸುತ್ತುವ ಕೋನ 120 ಡಿಗ್ರಿಗೂ ಕೆಳಗೆ ಹೋಗುತ್ತದೆ. ಹಲ್ಲು ಹಾರುವುದು ಅಲ್ಲಿಂದಲೇ ಶುರು. ಲೇತ್ ಕೆಲಸ ಚೆನ್ನಾಗಿ ಬಲ್ಲವರಿಗೆ ಮಾತ್ರ ಅದು.

ಹಂತ 6: ಯಾವ ಚೈನ್

ಚೈನಿನ ನಂಬರಿನ ಮೊದಲ ಅಂಕಿ ಕೊಂಡಿಯಿಂದ ಕೊಂಡಿಗೆ ಇರುವ ದೂರ, ಇಂಚಿನ ಎಂಟನೇ ಭಾಗಗಳಲ್ಲಿ. 4 ಎಂದರೆ 12.7 ಮಿ.ಮೀ., 5 ಎಂದರೆ 15.875. ಮುಂದಿನ ಎರಡು ಅಂಕಿ ಒಳ ಅಗಲ: 420ಕ್ಕೆ 6.35 ಮಿ.ಮೀ., 428ಕ್ಕೆ 7.94. ನಂಬರ್ ಬೇರೆಯಾದರೆ ಸ್ಪ್ರಾಕೆಟ್ಟೂ ಬೇರೆ, ಕಲಸಬೇಡಿ. 428ರ ಹಲ್ಲು 7 ಮಿ.ಮೀ. ಆಸುಪಾಸು ದಪ್ಪ ಇರಬೇಕು. 8 ಮಿ.ಮೀ. ಪ್ಲೇಟಿನಿಂದ ಕತ್ತರಿಸಿ ಹಾಗೇ ಹಾಕಿದರೆ ಚೈನ್ ಕೂರುವುದೇ ಇಲ್ಲ, ಲೇತಿನಲ್ಲಿ ಇಳಿಸಬೇಕು.

ಚೈನಿನ ಮೇಲೆ ಬೀಳುವ ಜಗ್ಗನ್ನು ನಿರ್ಧರಿಸುವುದು ಹಿಂದಿನ ಸ್ಪ್ರಾಕೆಟ್. ಮೋಟಾರ್ ಗರಿಷ್ಠ 35 ನ್ಯೂಟನ್ ಮೀಟರ್ ಕೊಟ್ಟರೆ ಚಕ್ರಕ್ಕೆ ಬರುವುದು ಸುಮಾರು 194. 40 ಹಲ್ಲಿನ ಸ್ಪ್ರಾಕೆಟ್ಟಿನ ತ್ರಿಜ್ಯ 81 ಮಿ.ಮೀ., ಭಾಗಿಸಿದರೆ 2,400 ನ್ಯೂಟನ್, ಅಂದರೆ 245 ಕೆಜಿ ತೂಕ ನೇತು ಹಾಕಿದಷ್ಟು. 61 ಹಲ್ಲಾದರೆ ಇದು 1,570ಕ್ಕೆ ಇಳಿಯುತ್ತದೆ. ಒಳ್ಳೆಯ 428 ಚೈನ್ ತುಂಡಾಗಲು 17,000 ನ್ಯೂಟನ್ ಮೀರಿದ ಬಲ ಬೇಕು, ಏಳು ಪಟ್ಟು ಅಂತರ ಇದೆ. ಆದರೂ ಎಲೆಕ್ಟ್ರಿಕ್ ಮೋಟಾರಿನ ಟಾರ್ಕ್ ನಿಂತಲ್ಲಿಂದಲೇ ಪೂರ್ತಿ ಬೀಳುವುದರಿಂದ ದಪ್ಪ ಪಟ್ಟಿಯ 428ಎಚ್ ಹಾಕಿ. ಬೆಲೆಯ ವ್ಯತ್ಯಾಸ ದೊಡ್ಡದಲ್ಲ, ಮೂರೂ ಜಿಲ್ಲೆಗಳಲ್ಲಿ ಅಂಗಡಿಯಲ್ಲೇ ಸಿಗುವ ಅಳತೆ ಅದು. 520 ಬೇಕಾಗುವುದು ಇದರ ಎರಡು ಮೂರು ಪಟ್ಟು ಶಕ್ತಿಯ ಗಾಡಿಗೆ. ಆನ್‌ಲೈನ್ ಕಿಟ್ಟುಗಳ ಜೊತೆ ಬರುವ 25ಎಚ್ ಚೈನ್ ಮಕ್ಕಳ ಸ್ಕೂಟರಿಗೆ ಸರಿ.

ಓ-ರಿಂಗ್ ಚೈನ್ ತುಸು ಬಿಗಿ ಎನ್ನಿಸಿದರೂ ನಮ್ಮ ಧೂಳಿಗೆ ಅದೇ ಸೈ: ಪಿನ್ನಿನ ಗ್ರೀಸ್ ಒಳಗೇ ಉಳಿಯುತ್ತದೆ. ಆದರೆ ಅದು ಅಗಲ ಹೆಚ್ಚು, ಮೋಟಾರ್ ಕೇಸಿಗೆ ತಾಗುತ್ತದೆಯೇ ನೋಡಿ. ಸ್ಪ್ರಾಕೆಟ್ ಅಲ್ಯೂಮಿನಿಯಂ ಬೇಡ, ಹಲ್ಲು ಗಟ್ಟಿ ಮಾಡಿದ ಉಕ್ಕಿನದೇ ಇರಲಿ.

ಹಂತ 7: ಉದ್ದ, ನೇರ, ಸಡಿಲು

ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಎಂಸಿಬಿ ಇಳಿಸಿ. ಗಾಡಿ ಆನ್ ಇದೆಯೋ ಆಫ್ ಇದೆಯೋ ಸದ್ದಿನಿಂದ ತಿಳಿಯುವುದಿಲ್ಲ, ಯಾರಾದರೂ ಆಕ್ಸಿಲರೇಟರ್ ಮುಟ್ಟಿದರೆ ಬೆರಳು ಚೈನಿನೊಳಗೆ. ಒರೆಸುವಾಗ, ಎಣ್ಣೆ ಬಿಡುವಾಗಲೂ ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಉದ್ದದ ಲೆಕ್ಕ ಹೀಗೆ. ಮೋಟಾರ್ ಶಾಫ್ಟಿನಿಂದ ಹಿಂದಿನ ಆಕ್ಸಲಿಗೆ 560 ಮಿ.ಮೀ. ಇದೆ ಎನ್ನಿ. ಅದರ ಎರಡರಷ್ಟನ್ನು 12.7ರಿಂದ ಭಾಗಿಸಿದರೆ 88.2. ಎರಡೂ ಸ್ಪ್ರಾಕೆಟ್ಟಿನ ಹಲ್ಲು ಕೂಡಿಸಿ ಅರ್ಧ ಮಾಡಿದರೆ 28.5. ಹಲ್ಲಿನ ವ್ಯತ್ಯಾಸ 23ನ್ನು 6.28ರಿಂದ ಭಾಗಿಸಿ, ವರ್ಗ ಮಾಡಿ, 12.7ರಿಂದ ಗುಣಿಸಿ 560ರಿಂದ ಭಾಗಿಸಿದರೆ 0.3. ಕೂಡಿದರೆ 117. ಕೊಂಡಿ ಸಮಸಂಖ್ಯೆಯಲ್ಲೇ ಇರಬೇಕು, ಅರ್ಧ ಕೊಂಡಿ ಹಾಕಿ ಕೂಡಿಸುವುದು ಬಲಹೀನ. ಹಾಗಾಗಿ 118. ಹೆಚ್ಚಿದ ಒಂದು ಕೊಂಡಿಗೆ ಆಕ್ಸಲ್ ಸುಮಾರು 6.4 ಮಿ.ಮೀ. ಹಿಂದೆ ಸರಿಯುತ್ತದೆ, ಅಡ್ಜಸ್ಟರಿನಲ್ಲಿ ಅಷ್ಟು ಜಾಗ, ಮುಂದೆ ಚೈನ್ ಹಿಗ್ಗಿದಾಗ ಬೇಕಾಗುವ ಜಾಗ ಎರಡೂ ಇವೆಯೇ ನೋಡಿ. ಚೈನ್ ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ.

ಎರಡು ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯೇ ಎಂದು ಉದ್ದನೆಯ ಸ್ಟೀಲ್ ಪಟ್ಟಿ ಹಿಡಿದು ನೋಡಿ. ಒಂದು ಮಿ.ಮೀ. ಒಳಗಿರಲಿ. ಮೋಟಾರ್ ಕೂರಿಸಿದ ಬ್ರಾಕೆಟ್ ತೆಳುವಾಗಿದ್ದರೆ ನಿಂತಾಗ ನೇರ ಕಂಡದ್ದು ಜಗ್ಗಿದಾಗ ಓರೆಯಾಗುತ್ತದೆ.

ಸಡಿಲಿನ ವಿಷಯದಲ್ಲಿ ಪೆಟ್ರೋಲ್ ಗಾಡಿಯ ಅಭ್ಯಾಸ ಪೂರ್ತಿ ಹೊಂದುವುದಿಲ್ಲ. ಎಂಜಿನ್ ಸ್ಪ್ರಾಕೆಟ್ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಕೀಲಿಗೆ ಹತ್ತಿರ ಇರುತ್ತಿತ್ತು. ಮೋಟಾರ್ ಅದಕ್ಕಿಂತ ದೂರ ಕೂತರೆ ಗಾಡಿ ಕುಣಿದಂತೆಲ್ಲ ಚೈನ್ ಬಿಗಿಯಾಗಿ ಸಡಿಲಾಗುತ್ತದೆ. ಶಾಫ್ಟ್, ಕೀಲು, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಇಬ್ಬರನ್ನು ಕೂರಿಸಿ ಆ ಸ್ಥಿತಿಗೆ ತಂದು, ಆಗಲೂ ತುಸು ಸಡಿಲು ಉಳಿಯುವಂತೆ ಹೊಂದಿಸಿ. ಖಾಲಿ ನಿಂತಾಗ ಕೆಳಗಿನ ಸಾಲಿನ ನಡುವೆ 20ರಿಂದ 30 ಮಿ.ಮೀ. ಆಡುವುದು ಸಾಮಾನ್ಯ.

ರೀಜನ್ ಬ್ರೇಕ್ (ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟ್ ಮರಳಿಸುವುದು) ಇದ್ದರೆ ಇನ್ನೊಂದು ಎಚ್ಚರ. ಓಡುವಾಗ ಮೇಲಿನ ಸಾಲು ಬಿಗಿ, ಬ್ರೇಕ್ ಹಿಡಿದಾಗ ಕೆಳಗಿನದು ಬಿಗಿ. ಕೆಳಗಿನ ಸಾಲಿಗೆ ಸ್ಪ್ರಿಂಗ್ ಟೆನ್ಷನರ್ ಹಾಕಿದ್ದರೆ ರೀಜನ್ ಅದನ್ನು ಒದ್ದು ಬಿಡುತ್ತದೆ. ಟೆನ್ಷನರ್ ಇಲ್ಲದೆ, ಸಡಿಲನ್ನು ಆಕ್ಸಲಿನಲ್ಲೇ ಹೊಂದಿಸಿ. ಕಂಟ್ರೋಲರಿನಲ್ಲಿ ರೀಜನ್ ಮೆಲ್ಲಗೆ ಏರುವಂತೆ ಇಡಿ, ಹಬ್ಬಿನ ಡ್ರಮ್ ರಬ್ಬರ್ ಹೊಸದು ಹಾಕಿಸಿ. ಹಳೆ ಗಾಡಿಯಲ್ಲಿ ಅದು ಕಲ್ಲಾಗಿರುತ್ತದೆ, ಪ್ರತಿ ಬಾರಿ ಎತ್ತುವಾಗಲೂ "ಟಕ್" ಅನ್ನುವ ಸದ್ದು ಅಲ್ಲಿಂದಲೇ.

ಹಂತ 8: ನಮ್ಮ ಮಣ್ಣಿನಲ್ಲಿ ನಿಗಾ

ಶಹಾಬಾದ್, ಚಿತ್ತಾಪುರ, ವಾಡಿ ಕಡೆಯ ಸುಣ್ಣಕಲ್ಲಿನ ಪುಡಿ, ಬೀದರಿನ ಕೆಂಪು ಮುರ್ರಂ, ಮಳೆಗಾಲದಲ್ಲಿ ಎಲ್ಲೆಡೆಯ ಕರಿಮಣ್ಣಿನ ರಾಡಿ. ಮೂರೂ ಎಣ್ಣೆಯ ಜೊತೆ ಸೇರಿದರೆ ಚೈನನ್ನು ಸಾಣೆ ಹಿಡಿದಂತೆ ತಿನ್ನುತ್ತವೆ. ನೋಟಕ್ಕೆಂದು ಪೂರ್ತಿ ಚೈನ್ ಕವರ್ ಕಿತ್ತು ಹಾಕುವುದು ಈ ಭಾಗದಲ್ಲಿ ದುಬಾರಿ ಶೋಕಿ. 17/40 ಜೋಡಿ ಬಹುತೇಕ ಹಳೆ ಕವರಿನೊಳಗೇ ಕೂರುತ್ತದೆ, ಅದನ್ನು ಉಳಿಸಿಕೊಳ್ಳಿ.

ಧೂಳಿನಲ್ಲಿ ಓಡುವವರು ಎಣ್ಣೆ ಕಡಿಮೆ ಹಾಕಿ, ಒರೆಸುವುದು ಹೆಚ್ಚು ಮಾಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, 80/90 ಗೇರ್ ಆಯಿಲ್ ಒಳ ಅಂಚಿಗೆ ತೆಳುವಾಗಿ ಬಿಟ್ಟು, ಮಿಕ್ಕಿದ್ದನ್ನು ಒರೆಸಿ ಬಿಡಿ. ಓ-ರಿಂಗಿಗೆ ಪೆಟ್ರೋಲ್ ತಾಗಿಸಬೇಡಿ. ಕರಿಮಣ್ಣು ಒಣಗುವ ಮೊದಲೇ ನೀರು ಹಾಕಿ ಬಿಡಿಸಿ, ಪ್ರೆಷರ್ ಗನ್ನಿನ ಮೂತಿ ಮಾತ್ರ ಮೋಟಾರಿನ ಕಡೆಗೂ ಕನೆಕ್ಟರ್ ಕಡೆಗೂ ತಿರುಗದಿರಲಿ.

ಸವೆತ ತಿಳಿಯಲು ಚೈನನ್ನು ಬಿಗಿ ಹಿಡಿದು 20 ಕೊಂಡಿಯ ಉದ್ದ ಅಳೆಯಿರಿ. 428ಕ್ಕೆ ಹೊಸತರಲ್ಲಿ 254 ಮಿ.ಮೀ. ಅದು 259 ಮುಟ್ಟಿದರೆ ಶೇ. 2 ಹಿಗ್ಗಿದೆ, ಬದಲಿಸಿ. "ಚೈನ್ ಅಷ್ಟೇ ಹಾಕ್ರಿ ಅಣ್ಣ, ಸ್ಪ್ರಾಕೆಟ್ ಛಲೋ ಅದಾವ" ಎಂದು ಮಿಸ್ತ್ರಿಗೆ ಹೇಳಿ ಉಳಿಸಿದ ರೊಕ್ಕ ಹೊಸ ಚೈನಿನ ಅರ್ಧ ಆಯುಷ್ಯ ತಿನ್ನುತ್ತದೆ. ಮೂರನ್ನೂ ಒಟ್ಟಿಗೇ ಬದಲಿಸಿ.

ಹಂತ 9: ಓಡಿಸಿ ನೋಡಿ, ತಿದ್ದಿ

ಮೊದಲ ಓಟ ರಿಂಗ್ ರೋಡಿನಲ್ಲಿ, ಇಬ್ಬರು ಕೂತು, ಮಧ್ಯಾಹ್ನದ ಬಿಸಿಲಲ್ಲೇ ಆಗಲಿ. ಕಂಟ್ರೋಲರ್ ಆ್ಯಪಿನಲ್ಲಿ ಮೋಟಾರ್ ಬಿಸಿ ತೋರಿಸಿದರೆ ಅದನ್ನು ಬರೆದಿಡಿ. ಆಮೇಲೆ ನೀವು ನಿತ್ಯ ಹತ್ತುವ ಅತಿ ಕಡಿದಾದ ಏರಿಗೆ ಹೋಗಿ ಮತ್ತೆ ನೋಡಿ. ಬಿಸಿ ಏರುತ್ತಲೇ ಹೋಗಿ ಕಂಟ್ರೋಲರ್ ತಾನಾಗಿ ಶಕ್ತಿ ಇಳಿಸುತ್ತಿದ್ದರೆ ಅನುಪಾತ ಇನ್ನೂ ಹೆಚ್ಚಬೇಕು. ಮುಂದೆ 17ರ ಬದಲು 16 ಹಾಕಿದರೆ ಅನುಪಾತ ಶೇ. 6ರಷ್ಟು ಏರುತ್ತದೆ, ಹಿಂದೆ 40ರ ಬದಲು 42 ಹಾಕಿದರೆ ಶೇ. 5. ಎರಡರಲ್ಲಿ ಒಂದನ್ನೇ ಮಾಡಬೇಕಾದರೆ ಹಿಂದಿನದನ್ನು ಬದಲಿಸಿ: ಚೈನಿನ ಜಗ್ಗು ಇಳಿಯುತ್ತದೆ, ಮುಂದಿನ ಹಲ್ಲು ಉಳಿಯುತ್ತದೆ. 42ಕ್ಕೆ ಹೋದಾಗ ಆಕ್ಸಲ್ ಸುಮಾರು 6.5 ಮಿ.ಮೀ. ಮುಂದಕ್ಕೆ ಬರುತ್ತದೆ, 118 ಕೊಂಡಿಯ ಅದೇ ಚೈನ್ ಸಾಕಾಗುತ್ತದೆ.